ಧರ್ಮಗುರುಗಳಿಗೆ ಮೀಸಲು ಸೀಟು: ಸತ್ಯಾಂಶ

‘ಶಾಸನಸಭೆಯಲ್ಲಿ ಧರ್ಮಗುರುಗಳಿಗೆ ಸೀಟು ಮೀಸಲಿಟ್ಟಿರುವುದು ಬ್ರಿಟನ್ ಮತ್ತು ಇರಾನ್ ಮಾತ್ರ, ಭಾರತದಲ್ಲಿ ಎಲ್ಲೂ ಇಲ್ಲ’ ಎಂಬ ಮಾತು ಆಗಾಗ ಫಾರ್ವರ್ಡ್ ಆಗುತ್ತದೆ. ಬ್ರಿಟನ್ ವಿಷಯ ನಿಜ. ಅಲ್ಲಿನ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಚರ್ಚ್ ಆಫ್ ಇಂಗ್ಲೆಂಡ್‌ನ 26 ಬಿಷಪ್‌ಗಳಿಗೆ ಸ್ಥಾನವಿದೆ.

ಇರಾನ್ ಸಂಸತ್ತಿನಲ್ಲಿ ಮೀಸಲಾಗಿರುವುದು 5 ಸೀಟು, ಅದೂ ಗುರುಗಳಿಗಲ್ಲ. ಪಾರಸಿ, ಯಹೂದಿ, ಕ್ರೈಸ್ತ ಅಲ್ಪಸಂಖ್ಯಾತರಿಗೆ. ಮೌಲ್ವಿಗಳ ನಿಜವಾದ ಹಿಡಿತ ಇರುವುದು ಕಾನೂನುಗಳನ್ನು ತಡೆಯಬಲ್ಲ ಗಾರ್ಡಿಯನ್ ಕೌನ್ಸಿಲ್‌ನಲ್ಲಿ. ಅದರ 12 ಸದಸ್ಯರಲ್ಲಿ 6 ಮಂದಿ ಧರ್ಮಪಂಡಿತರು.

ಇನ್ನು ಭಾರತ. ಸಿಕ್ಕಿಂ ವಿಧಾನಸಭೆಯ 32 ಸೀಟುಗಳಲ್ಲಿ ಒಂದು ‘ಸಂಘ’ ಕ್ಷೇತ್ರ. ಇದಕ್ಕೆ ಊರು, ತಾಲ್ಲೂಕಿನ ಗಡಿಯೇ ಇಲ್ಲ. ಮಾನ್ಯತೆ ಪಡೆದ ಬೌದ್ಧ ಮಠಗಳ ಸನ್ಯಾಸಿಗಳಷ್ಟೇ ಇಲ್ಲಿ ನಿಲ್ಲಬಹುದು, ಓಟು ಹಾಕುವವರೂ ಅವರೇ. ರಾಜರ ಕಾಲದ ಈ ಏರ್ಪಾಡು, 1975ರಲ್ಲಿ ಸಿಕ್ಕಿಂ ಭಾರತಕ್ಕೆ ಸೇರಿದ ಮೇಲೂ ಉಳಿಯಿತು. 1993ರಲ್ಲಿ ಸುಪ್ರೀಂ ಕೋರ್ಟ್ ಬಹುಮತದಿಂದ ಇದನ್ನು ಎತ್ತಿಹಿಡಿಯಿತು. ಆದರೆ ಮುಖ್ಯ ನ್ಯಾಯಮೂರ್ತಿ ಶರ್ಮಾ ಒಪ್ಪಲಿಲ್ಲ.

ನನಗೂ ಅವರ ಆತಂಕ ಸರಿ ಅನಿಸುತ್ತದೆ. ಸಿಕ್ಕಿಂನ ಚರಿತ್ರೆಯಲ್ಲಿ ಮಠಗಳ ಪಾತ್ರ ದೊಡ್ಡದು, ನಿಜ. ಆದರೆ ಧರ್ಮದ ಮೇಲೆ ಬೇರೆ ಮತದಾರರ ಪಟ್ಟಿ ಮಾಡುವುದು ಸಣ್ಣ ವಿಷಯ ಅಲ್ಲ, ಅಲ್ವಾ? ಬ್ರಿಟನ್ ಬಿಷಪ್‌ಗಳನ್ನಂತೂ ಜನ ಆರಿಸುವುದೇ ಇಲ್ಲ.