ವ್ಲಾದಿಮಿರ್‌ಗೆ ಹೋಗುವವರು ಬೈನಾಕ್ಯುಲರ್ ಮರೆಯಬೇಡಿ

ರಷ್ಯಾದ ಮಾಸ್ಕೋಗೆ ಹೋದ ನಮ್ಮವರಿಗೆ ಅದರ ಪೂರ್ವಕ್ಕಿರುವ ವ್ಲಾದಿಮಿರ್ ಅಂದರೆ ಸುಜ್ದಾಲ್‌ಗೆ ಬಸ್ ಹತ್ತುವ ಊರು, ಅಷ್ಟೇ. ಸುಜ್ದಾಲ್‌ಗೆ ರೈಲಿಲ್ಲ. ಹಾಗಾಗಿ ಇಲ್ಲಿ ರೈಲು ಇಳಿದು, ಎದುರಿನ ಬಸ್‌ಸ್ಟ್ಯಾಂಡಿಗೆ ದಾಟಿ ಹೊರಟೇಬಿಡುತ್ತಾರೆ. ನನ್ನ ಲೆಕ್ಕದಲ್ಲಿ ಇದು ಉಲ್ಟಾ. ಸುಜ್ದಾಲ್ ಚೆಂದದ ಊರು, ಫೋಟೊಗೆ ಹೇಳಿ ಮಾಡಿಸಿದ್ದು, ಸರಿ. ಆದರೆ 12ನೇ ಶತಮಾನದ ಬಿಳಿ ಸುಣ್ಣಕಲ್ಲಿನ ಕೆಲಸ ನೋಡಬೇಕಾದರೆ ರೈಲ್ವೆ ಸ್ಟೇಷನ್ನಿನ ಮೇಲಿರುವ ಗುಡ್ಡ ಹತ್ತಿ. ಎರಡು ದೊಡ್ಡ ಕೆಥೆಡ್ರಲ್‌ಗಳು ಅಲ್ಲೇ ಅಕ್ಕಪಕ್ಕದಲ್ಲಿವೆ. ಒಂದು ರಾತ್ರಿಯಾದರೂ ಉಳಿಯಿರಿ.

ಮೊದಲು ಉಸ್ಪೆನ್‌ಸ್ಕಿ ಕೆಥೆಡ್ರಲ್. ದೊರೆ ಆಂದ್ರೇಯ್ ಬೊಗೊಲ್ಯೂಬ್‌ಸ್ಕಿ ಇದನ್ನು ಕಟ್ಟಿಸಿದ್ದು 1158–1160ರಲ್ಲಿ. 1185ರಲ್ಲಿ ಬೆಂಕಿ ಬಿತ್ತು. ಅವನ ತಮ್ಮ ವ್ಸೆವೊಲೊದ್ ಹಳೆಯದನ್ನು ಕೆಡವಲು ಹೋಗಲಿಲ್ಲ. ಸುತ್ತ ಹೊಸ ಗೋಡೆ ಎಬ್ಬಿಸಿದ, ಹಳೆಯ ಗೋಡೆಗಳಲ್ಲಿ ಕಮಾನು ಕೊರೆಸಿದ, ಹಳೇ ಚರ್ಚನ್ನು ಹೊಸದರ ಹೊಟ್ಟೆಯೊಳಗೆ ಉಳಿಸಿಕೊಂಡ. ಒಳಗೆ ದಪ್ಪ ಕಂಬಗಳ ಹಾಗೆ ಕಾಣುವುದರಲ್ಲಿ ಎಷ್ಟೋ 1160ರ ಹೊರಗೋಡೆಯ ತುಂಡುಗಳು. ಒಳಗೇ ಉತ್ತರದ ಪಕ್ಕದಲ್ಲಿ ನಿಂತು ಆ ಹಳೇ ಗೋಡೆಯ ಮೇಲೆ ಕಣ್ಣಾಡಿಸಿ. ಪುಟ್ಟ ಕಂಬಗಳ ಸಾಲು, ಅವುಗಳ ನಡುವೆ ಪ್ರವಾದಿಗಳು, ಬಾಲ ಸುರುಳಿ ಸುತ್ತಿದ ನವಿಲುಗಳು. ಹೊರಗೋಡೆಯ ಅಲಂಕಾರಕ್ಕೆಂದು ಬರೆದ ಚಿತ್ರ, ಬೆಂಕಿಯ ನಂತರ ಮನೆಯೊಳಗೆ ಬಂದು ಕೂತಿದೆ.

ಎಲ್ಲರೂ ತಪ್ಪುವುದು ಇನ್ನೊಂದು ಕಡೆ. ಬಾಗಿಲು ದಾಟಿದರೆ ಎದುರಿಗೆ ಚಿನ್ನದ ಪ್ರತಿಮಾಗೋಡೆ, ಅಂದರೆ ಸಂತರ ಚಿತ್ರಫಲಕಗಳನ್ನು ಜೋಡಿಸಿದ ಗೋಡೆ, ಝಗಮಗ ಅನ್ನುತ್ತದೆ. ಜನ ಅದನ್ನೇ ಮಧ್ಯಯುಗದ್ದು ಅಂದುಕೊಂಡು, ಫೋಟೊ ಹೊಡೆದು ವಾಪಸ್. ಅದು ರಾಣಿ ಕ್ಯಾಥರೀನಳ ಕಾಲದ್ದು, 18ನೇ ಶತಮಾನದ ಬರೋಕ್. ಹಳೆಯ ಚಿತ್ರಫಲಕಗಳನ್ನು ಆಗ ಒಂದು ಹಳ್ಳಿಗೆ ಮಾರಿಬಿಟ್ಟರು. ಅವುಗಳಲ್ಲಿ ಉಳಿದುಬಂದವು ಈಗ ಮಾಸ್ಕೋ, ಪೀಟರ್ಸ್‌ಬರ್ಗ್ ಮ್ಯೂಸಿಯಮ್‌ಗಳಲ್ಲಿವೆ. ನೀವು ನೋಡಬೇಕಾದ್ದು ಬೆನ್ನ ಹಿಂದೆ, ಪಶ್ಚಿಮದ ಮಹಡಿಯ ಕೆಳಗಿನ ಕಮಾನುಗಳಲ್ಲಿ. ಅಲ್ಲಿದೆ 1408ರಲ್ಲಿ ರಷ್ಯಾದ ಹೆಸರಾಂತ ಚಿತ್ರಕಾರ ಆಂದ್ರೇಯ್ ರುಬ್ಲ್ಯೋವ್ ಮತ್ತು ಅವನ ಜೊತೆಗಾರ ದನೀಲ್ ಚೋರ್ನಿ ಗೋಡೆಯ ಮೇಲೆ ಬರೆದ ಅಂತಿಮ ತೀರ್ಪು, ಅಂದರೆ ಲೋಕದ ಕೊನೆಯಲ್ಲಿ ದೇವರು ಎಲ್ಲರಿಗೂ ಕೊಡುವ ತೀರ್ಪಿನ ಚಿತ್ರ. ಕಹಳೆ ಊದುವ ದೇವದೂತರು, ಸ್ವರ್ಗಕ್ಕೆ ನಡೆದ ಪುಣ್ಯವಂತರ ಮೆರವಣಿಗೆ. ತೀರ್ಪಿನ ಚಿತ್ರವಾದರೂ ಯಾರನ್ನೂ ಹೆದರಿಸುವುದಿಲ್ಲ, ಮುಖಗಳೆಲ್ಲ ಶಾಂತ. ಇದು ನಡೆಯುವ ಚರ್ಚು, ಬೆಳಿಗ್ಗೆ ಸಂಜೆ ಪೂಜೆ ಇರುತ್ತದೆ. ನಡುಮಧ್ಯಾಹ್ನದ ಬಿಡುವಿನಲ್ಲೇ ಹೋಗಿ. ಹೆಂಗಸರು ತಲೆಗೆ ಸ್ಕಾರ್ಫ್ ಕಟ್ಟಬೇಕು, ಗಂಡಸರು ಟೋಪಿ ತೆಗೆಯಬೇಕು.

ಎರಡನೇ ಕೆಥೆಡ್ರಲ್ ದ್ಮಿತ್ರಿಯೆವ್‌ಸ್ಕಿ ಚಿಕ್ಕದು, ಒಂದೇ ಗುಮ್ಮಟ. 1190ರ ದಶಕದಲ್ಲಿ ವ್ಸೆವೊಲೊದ್ ತನ್ನ ಅರಮನೆಗೆಂದು ಕಟ್ಟಿಸಿದ್ದು. (ನಮ್ಮಲ್ಲಿ ಆಗ ವೀರಬಲ್ಲಾಳನ ಆಳ್ವಿಕೆ. ಆದರೆ ಬೇಲೂರಿನ ಕುಸುರಿ ಇಲ್ಲಿ ಹುಡುಕಬೇಡಿ. ಇದು ಚಪ್ಪಟೆಯಾಗಿ ಕೆತ್ತಿದ್ದು.) ಗೋಡೆಯ ಕೆಳಗಿನ ಅರ್ಧ ಬೋಳು. ನಡುಪಟ್ಟಿಯಿಂದ ಮೇಲಕ್ಕೆ ಸುಮಾರು 600 ಕೆತ್ತನೆಗಳು: ಸಿಂಹ, ಗ್ರಿಫಿನ್ (ಹದ್ದಿನ ತಲೆಯ ರೆಕ್ಕೆಸಿಂಹ), ಹಕ್ಕಿ, ಗಿಡ. ನಡುಪಟ್ಟಿಯ ಸಂತರಲ್ಲಿ ಹಲವರು 19ನೇ ಶತಮಾನದ ರಿಪೇರಿಯವರು, ಅವರ ಮುಂದೆ ಹೊತ್ತು ಕಳೆಯಬೇಡಿ. ದಕ್ಷಿಣ ಗೋಡೆಯ ಬಲಗಡೆ ಕಮಾನಿನಲ್ಲಿ ಗ್ರಿಫಿನ್‌ಗಳ ಮೇಲೆ ಆಕಾಶಕ್ಕೆ ಹೊರಟ ದಂತಕಥೆಯ ಅಲೆಕ್ಸಾಂಡರ್ ಚಕ್ರವರ್ತಿ ಇದ್ದಾನೆ. ಉತ್ತರ ಗೋಡೆಯ ಎಡಗಡೆ ಕಮಾನಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ವ್ಸೆವೊಲೊದ್, ಪಕ್ಕದಲ್ಲಿ ಉಳಿದ ಮಕ್ಕಳು. ಬರಿಗಣ್ಣಿಗೆ ಇವೆಲ್ಲ ಬರೀ ಉಬ್ಬುತಗ್ಗು. 8 ಪಟ್ಟಿನ ಸಾಧಾರಣ ಬೈನಾಕ್ಯುಲರ್ ಸಾಕು.

ಬೆಳಕಿನ ಲೆಕ್ಕವೂ ಬೇಕು. ಮೋಡ ಕವಿದ ದಿನ ಕೆತ್ತನೆಯೆಲ್ಲ ಸುಣ್ಣ ಬಳಿದ ಹಾಗೆ ಸಪಾಟು. ನಡುಹಗಲಿನ ನೇರ ಬಿಸಿಲಿಗೂ ದಕ್ಷಿಣ ಗೋಡೆ ಕಣ್ಣು ಕುಕ್ಕುತ್ತದೆಯೇ ಹೊರತು ಆಳ ತೋರುವುದಿಲ್ಲ. ಬೇಕಾದ್ದು ಓರೆ ಬಿಸಿಲು. ಉತ್ತರ ಗೋಡೆಗೆ ಚಳಿಗಾಲದಲ್ಲಿ ಬಿಸಿಲೇ ಇಲ್ಲ. ಜೂನ್‌ನಲ್ಲಾದರೆ ಸೂರ್ಯ ವಾಯವ್ಯಕ್ಕೆ ಸರಿದು ಒಂಬತ್ತರ ಹೊತ್ತಿಗೆ ಮುಳುಗುತ್ತಾನೆ, ಸಂಜೆ ಏಳೆಂಟರ ನಡುವೆ ಆ ಗೋಡೆಯ ಒಂದೊಂದು ಗರಿಯೂ ಎದ್ದು ಕಾಣುತ್ತದೆ. ದ್ಮಿತ್ರಿಯೆವ್‌ಸ್ಕಿಯ ಒಳಗಿನ 12ನೇ ಶತಮಾನದ ಚಿತ್ರಗಳಿಗೆ ತೇವ ಆಗದು. ಹಾಗಾಗಿ ಮಳೆಯ ದಿನ ಬಾಗಿಲು ಮುಚ್ಚಿದ್ದರೆ ಸಿಟ್ಟಾಗಬೇಡಿ.

ಇನ್ನು ನೆರ್ಲ್ ನದಿಯ ಪಕ್ಕದ ಪೊಕ್ರೊವಾ ಚರ್ಚು. ಸುಮಾರು 10 ಕಿಲೊಮೀಟರ್ ದೂರದ ಬೊಗೊಲ್ಯೂಬೊವೊದಲ್ಲಿ ಬಸ್ ಇಳಿದು, ರೈಲು ಹಳಿಯ ಮೇಲಿನ ಪಾದಚಾರಿ ಸೇತುವೆ ದಾಟಿ, ಹುಲ್ಲುಗಾವಲಿನಲ್ಲಿ ಒಂದೂವರೆ ಕಿಲೊಮೀಟರ್ ನಡೆಯಬೇಕು. ಅದು ಕೂತಿರುವ ದಿಬ್ಬ ನೆಲದ್ದಲ್ಲ, ಕಟ್ಟಿದವರದ್ದು. ಅಡಿಪಾಯದ ಮೇಲೆ ಮತ್ತೂ ನಾಲ್ಕು ಮೀಟರಿನಷ್ಟು ಗೋಡೆ ಎಬ್ಬಿಸಿ, ಅದನ್ನು ಮಣ್ಣಿನಲ್ಲಿ ಹೂತು, ಆ ಮಣ್ಣಿನ ಮೇಲೆ ಕಲ್ಲು ಹಾಸಿದರು. ವಸಂತದ ನೆರೆ ಸುತ್ತ ತುಂಬಿದರೂ ಚರ್ಚು ಮುಳುಗದಿರುವುದು ಅದಕ್ಕೇ. ಏಪ್ರಿಲ್‌ನಲ್ಲಿ ಹೋದರೆ ದಾರಿಯೇ ನೀರಲ್ಲಿ ಇರಬಹುದು. 1784ರಲ್ಲಿ ಪಕ್ಕದ ಮಠದ ಹಿರಿಯರು ಇದನ್ನು ಕೆಡವಿ ಕಲ್ಲು ಒಯ್ಯಲು ಅಪ್ಪಣೆ ಕೇಳಿದ್ದರಂತೆ. ಕೂಲಿಯ ರೇಟು ಕುದುರದೆ ಬಚಾವಾಯಿತು!

ದುಡ್ಡಿನ ಮಾತು. ಭಾರತದ ಬ್ಯಾಂಕುಗಳ ವೀಸಾ, ಮಾಸ್ಟರ್ ಕಾರ್ಡ್‌ಗಳು 2022ರ ಮಾರ್ಚ್‌ನಿಂದ ರಷ್ಯಾದಲ್ಲಿ ನಡೆಯುವುದಿಲ್ಲ. ಡಾಲರ್ ಅಥವಾ ಯೂರೊ ನೋಟು ಒಯ್ಯಿರಿ. ಗೀಚಿದ, ಹರಿದ ನೋಟು ಬೇಡ, ಬದಲಿಸಿಕೊಡುವವರು ಮುಖ ಸಿಂಡರಿಸುತ್ತಾರೆ. ಮೊಬೈಲ್ ಇಂಟರ್‌ನೆಟ್ಟನ್ನು ಈಚೆಗೆ ಆಗಾಗ ನಿಲ್ಲಿಸುತ್ತಾರೆ, ಮ್ಯಾಪ್ ಇಳಿಸಿಕೊಂಡೇ ಹೊರಡಿ. ಮಾಸ್ಕೋದಿಂದ ವೇಗದ ರೈಲಿಗೆ ಎರಡು ಗಂಟೆಯೂ ಬೇಡ. ಆದರೆ ಮಾಸ್ಕೋದಲ್ಲಿ ಎಲ್ಲ ರೈಲೂ ಒಂದೇ ಸ್ಟೇಷನ್ನಿನಿಂದ ಹೊರಡುವುದಿಲ್ಲ, ಟಿಕೆಟ್ಟಿನ ಮೇಲೆ ಬರೆದ ಸ್ಟೇಷನ್ ಹೆಸರು ಎರಡು ಸಲ ಓದಿ.

ಸಸ್ಯಾಹಾರಿಗಳು ಹೋಟೆಲಿನಲ್ಲಿ "ಮಾಂಸ ಬೇಡ" ಅಂದರೆ ಮೀನು ಬರುವ ಸಂಭವ ಜಾಸ್ತಿ. "ಪೋಸ್ತ್‌ನಯೆ" ಅನ್ನಿ, ಉಪವಾಸದ ಅಡುಗೆ ಅಂತ ಅರ್ಥ. ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ. ಮೀನು ಮಾತ್ರ ಅದರಲ್ಲೂ ಒಮ್ಮೊಮ್ಮೆ ನುಸುಳುತ್ತದೆ, ಹಾಗಾಗಿ "ಬೆಜ್ ರೀಬಿ", ಅಂದರೆ ಮೀನಿಲ್ಲದ್ದು, ಅಂತಲೂ ಸೇರಿಸಿ.