ಅರ್ಧಕ್ಕೇ ಬಿಟ್ಟ ಜಿ ಸೆವೆನ್

ಶಿರಸಿಯ ನಮ್ಮ ಮನೆಯ ಜಗಲಿಯಲ್ಲಿ ಕೂತು ಗಿಟಾರ್ ಕಲಿಯುತ್ತಿದ್ದೇನೆ. ಎ ಮೈನರ್ ಕಾರ್ಡ್, ಅಂದ್ರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಹಿಡಿದು ಉಂಗುರದ ಬೆರಳು ಎತ್ತಿದರೆ ಎ ಮೈನರ್ ಸೆವೆನ್. ಸಿ ಹಿಡಿದು ತೋರುಬೆರಳು ಎತ್ತಿದರೆ ಸಿ ಮೇಜರ್ ಸೆವೆನ್. ಸೆವೆನ್ ಅಂದ್ರೆ ಸೋಮಾರಿಗಳ ಕಾರ್ಡ್ ಅಲ್ವಾ ಅಂತ ಖುಷಿಪಟ್ಟೆ.

ಖುಷಿ ಎರಡೇ ದಿನ. ಆಮೇಲೆ ಬರೀ ಸಿ ಸೆವೆನ್ ಬಂತು. ಅದಕ್ಕೆ ಕಿರುಬೆರಳೂ ಬೇಕು. ಮೇಜರ್ ಸೆವೆನ್ ಬೇರೆಯಂತೆ, ಬರೀ ಸೆವೆನ್ ಬೇರೆಯಂತೆ!

ಗಂಟು ಬಿಡಿಸಿದ್ದು ನಮ್ಮತ್ತೆ. ಗಿಟಾರ್ ಮುಟ್ಟಿದವರಲ್ಲ, ಹಾರ್ಮೋನಿಯಂ ನುಡಿಸುತ್ತಾರೆ. ನಾನು ಸ್ವರಗಳನ್ನು ಓದಿ ಹೇಳಿದೆ. ಅವರು ಬಿಳಿ ಒಂದನ್ನು ಸಾ ಮಾಡಿಕೊಂಡು ಸಾ, ಗ, ಪ ಒಟ್ಟಿಗೆ ಒತ್ತಿದರು. "ಇದಕ್ಕೆ ಶುದ್ಧ ನಿ ಸೇರಿದ್ರೆ ನಿನ್ನ ಮೇಜರ್ ಸೆವೆನ್ನು. ಕೋಮಲ ನಿ ಸೇರಿದ್ರೆ ಬರೀ ಸೆವೆನ್ನು. ಇಷ್ಟಕ್ಕೆ ಇಷ್ಟೊಂದು ಒದ್ದಾಟನಾ ತಮಾ?" ನಾನು ಸಿ ಸೆವೆನ್ ನುಡಿಸಿ ತೋರಿಸಿದೆ. "ಪ ಎಲ್ಲಿ?" ಅಂದರು. ನೋಡಿದರೆ ಹೌದು, ಪ ಇದ್ದ ಮೂರನೇ ತಂತಿಯ ಮೇಲೇ ಕಿರುಬೆರಳು ಕೋಮಲ ನಿ ಹಿಡಿದು ಕೂತಿದೆ. ಗಿಟಾರಿನವರು ಹಾಗೇ ನುಡಿಸುತ್ತಾರೆ, ಯಾರೂ ಕೇಳುವುದಿಲ್ಲ. ಎಲ್ಲರ ಮನೆಯಲ್ಲೂ ನಮ್ಮತ್ತೆ ಇರುವುದಿಲ್ಲ ನೋಡಿ.

ಜಿ ಸೆವೆನ್ ಕಥೆಯೇ ಬೇರೆ. ಎರಡು ಬೆರಳು ದಪ್ಪ ತಂತಿಗಳ ಮೇಲೆ, ತೋರುಬೆರಳು ಮಾತ್ರ ಆಚೆ ತುದಿಯ ಸಣ್ಣ ತಂತಿಗೆ. ಅಡಿಕೆ ಕೊನೆ ಇಳಿಸುವ ಕೊನೆಗೌಡ ಒಂದು ಮರದಿಂದ ಪಕ್ಕದ ಮರಕ್ಕೆ ಬಾಗಿದ ಹಾಗೆ. ಇದನ್ನು ನುಡಿಸಿ ಸುಮ್ನೆ ಕೂರುವಂತಿಲ್ಲ. ಅದರೊಳಗಿನ ಬಿ ಸ್ವರ ಒಂದು ಫ್ರೆಟ್, ಅಂದ್ರೆ ಗಿಟಾರಿನ ಕತ್ತಿನ ಮೇಲೆ ಒಂದು ಮನೆ, ಹತ್ತಿ ಸಿಗೆ ಹೋಗಬೇಕು ಅನ್ನುತ್ತದೆ, ಎಫ್ ಒಂದು ಫ್ರೆಟ್ ಇಳಿದು ಇಗೆ ಹೋಗಬೇಕು ಅನ್ನುತ್ತದೆ. ಸಿ ಕಾರ್ಡ್ ಬಂದರೇನೇ ಸಮಾಧಾನ. ಪುಸ್ತಕದ ಮಾತು ಅಂದುಕೊಂಡಿದ್ದೆ.

ಮೊನ್ನೆ ಜಿ ಸೆವೆನ್ ಎಳೆದೆ, ಅಷ್ಟರಲ್ಲಿ ಮಳೆ. ಅಂಗಳದ ತುಂಬ ಅಡಿಕೆ! ಗಿಟಾರ್ ಬಿಸಾಕಿ ಓಡಿದೆ. ನಾನು, ಅಪ್ಪ, ಅಮ್ಮ ಸೇರಿ ತಾಡಪತ್ರಿ ಎಳೆಯುವಷ್ಟರಲ್ಲಿ ಅಡಿಕೆಗಿಂತ ಜಾಸ್ತಿ ನಾವೇ ನೆನೆದಿದ್ದೆವು. ಅಪ್ಪ ತಲೆ ಒರೆಸಿಕೊಳ್ಳುತ್ತಾ ಬಂದರು. ಅಡಿಕೆ ಬಗ್ಗೆ ಬೈಯುತ್ತಾರೆ ಅಂತ ತಯಾರಾದೆ.

"ಅದೆಂತದೋ ಟೊಂಯ್ ಅನ್ಸಿ ಅರ್ಧಕ್ಕೇ ಬಿಟ್ಯಲಾ ಮಾರಾಯಾ. ಕಿವಿಯಲ್ಲೇ ಕೂತಿದ್ದು. ಮೊದ್ಲು ಅದ್ನ ಮುಗ್ಸು!"

ಒದ್ದೆ ಕೈಯಲ್ಲೇ ಗಿಟಾರ್ ಎತ್ತಿಕೊಂಡು ಸಿ ಬಾರಿಸಿದೆ. ಅಪ್ಪ ಹುಬ್ಬು ಗಂಟಿಕ್ಕಿದರು. ಅಡುಗೆಮನೆಯಿಂದ ಅತ್ತೆ ಕೂಗಿದರು.

"ತಮಾ, ಶುದ್ಧ ನಿ ಸೇರ್ತು. ತೋರುಬೆರಳು ಇಡು!"