ವೇಷ ಸಾಕು, ಸಂತೆ ಹಾಕಿ

ಚಿಕ್ಕ ಮಕ್ಕಳಿಗೆ ಛದ್ಮವೇಷ ಸ್ಪರ್ಧೆ ಇಡುವುದನ್ನು ನಿಲ್ಲಿಸಬೇಕು. ಧಾರವಾಡದ ಕಡೆ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ನಲಿ-ಕಲಿ ತರಗತಿ ನೋಡಿಕೊಳ್ಳುತ್ತಿದ್ದಾಗಲೂ ಈ ಮಾತು ಹೇಳಿದ್ದೆ. ಈಗ ಪುಣೆಯಲ್ಲಿ, ನಮ್ಮ ಸೊಸೈಟಿ ಹಾಲ್‌ನಲ್ಲಿ ಭಾನುವಾರ ಕನ್ನಡದ ಮಕ್ಕಳನ್ನು ಸೇರಿಸಿಕೊಂಡು ಕಲಿಸುವಾಗಲೂ ಹೇಳುತ್ತೇನೆ. ನಾಲ್ಕು ವರ್ಷದ ಕೂಸಿಗೆ ಬಾಡಿಗೆಗೆ ತಂದ ಪೇಟ, ಅಂಟಿಸಿದ ಮೀಸೆ, ರಟ್ಟಿನ ಕತ್ತಿ. ಅಮ್ಮ ಬರೆದುಕೊಟ್ಟ ನಾಲ್ಕು ಸಾಲು ಬಾಯಿಪಾಠ. ವೇದಿಕೆ ಮೇಲೆ ಎರಡು ನಿಮಿಷ, ಮುಖಕ್ಕೆ ಲೈಟು, ಎದುರಿಗೆ ಸಾಲುಸಾಲು ಮೊಬೈಲು. ಸಾಲು ಮರೆತರೆ ಅಳು. ಕೆಳಗಿಳಿದ ಮೇಲೆ ಬಹುಮಾನ ಯಾರಿಗೆ ಅಂತ ದೊಡ್ಡವರ ನಡುವೆ ಮುನಿಸು. ಇಷ್ಟೆಲ್ಲ ನಡೆದರೂ ಮಗು ಆಟವನ್ನೇ ಆಡಿರುವುದಿಲ್ಲ.

ಪಾತ್ರ ಮಾಡುವ ಆಟದ ಲಕ್ಷಣವೇ ಬೇರೆ. ಇಸ್ರೇಲಿನ ಸಾರಾ ಸ್ಮಿಲಾನ್‌ಸ್ಕಿ ಬಾಲವಾಡಿ ವಯಸ್ಸಿನ ಮಕ್ಕಳ ಆಟವನ್ನೇ ಅಧ್ಯಯನ ಮಾಡಿ 1968ರಲ್ಲಿ ಪುಸ್ತಕ ತಂದರು. ಇಂಥ ಆಟಕ್ಕೆ ಅವರು ಕೊಟ್ಟ ಗುರುತುಗಳು ಇಂದಿಗೂ ಕೆಲಸಕ್ಕೆ ಬರುತ್ತವೆ. ಮಗು ಇನ್ನೊಬ್ಬರಾಗಬೇಕು. ಕೈಯಲ್ಲಿರುವ ವಸ್ತು ಇನ್ನೊಂದಾಗಬೇಕು. ಜೊತೆಗೆ ಒಬ್ಬರಾದರೂ ಇರಬೇಕು, ಅವರ ನಡುವೆ ಮಾತು ನಡೆಯಬೇಕು. ಆಟ ಹತ್ತು ನಿಮಿಷವಾದರೂ ಕಡಿಯದೆ ಸಾಗಬೇಕು. ಛದ್ಮವೇಷವನ್ನು ಈ ಅಳತೆಗೆ ಹಿಡಿದು ನೋಡಿ. ಮೊದಲನೆಯದೇ ಅರೆಬರೆ, ಉಳಿದವು ಇಲ್ಲವೇ ಇಲ್ಲ.

ಈ ವಿಷಯದಲ್ಲಿ ಕರ್ನಾಟಕದ ಹತ್ತಿರ ಒಂದು ಒಳ್ಳೆಯ ಗುಣವಿದೆ, ಮಹಾರಾಷ್ಟ್ರದ ಹತ್ತಿರ ಇನ್ನೊಂದಿದೆ. ಎರಡೂ ಕಡೆ ಇದ್ದವಳಾದ್ದರಿಂದ ಹೇಳುತ್ತೇನೆ.

ನಮ್ಮಲ್ಲಿರುವುದು ತರಗತಿಯ ಕೋಣೆಯನ್ನೇ ಬದಲಿಸಿದ ಧೈರ್ಯ. ನಲಿ-ಕಲಿ 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಶುರುವಾಯಿತು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗಳ ಪದ್ಧತಿ ನೋಡಿಬಂದು, ಯುನಿಸೆಫ್ ನೆರವಿನಿಂದ ಕಟ್ಟಿದ್ದು ಅದು. ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಬೆಂಚು ಹೋಯಿತು, ಮಕ್ಕಳು ಗುಂಪುಗುಂಪಾಗಿ ನೆಲದ ಮೇಲೆ ದುಂಡಗೆ ಕೂತರು. ಒಂದರಿಂದ ಮೂರನೇ ತರಗತಿಯವರು ಒಟ್ಟಿಗೇ ಕಲಿತರು. ತಲೆಯ ಮೇಲೆ ದಾರದ ಚಪ್ಪರ ಕಟ್ಟಿ, ಮಕ್ಕಳು ಬರೆದ ಚಿತ್ರ, ಕತ್ತರಿಸಿದ ಕಾಗದ ಎಲ್ಲ ಅದಕ್ಕೆ ತೂಗುಬಿಟ್ಟೆವು. ಹಾಡು, ಅಭಿನಯ, ಕಥೆ ಇವೆಲ್ಲ ದಿನದ ಪಾಠದಲ್ಲೇ ಸೇರಿದ್ದವು. ಮುಂದೆ ಪಾಠದ ಚಟುವಟಿಕೆ ಕಾರ್ಡು ಮುಗಿಸುವುದು, ಪ್ರಗತಿ ನೋಟ ಅನ್ನುವ ಪಟ್ಟಿಯಲ್ಲಿ ಗುರುತು ಹಾಕುವುದೇ ದೊಡ್ಡ ಕೆಲಸವಾಗಿ, ಎಷ್ಟೋ ಕಡೆ ಅಭಿನಯದ ಕಾರ್ಡು ಬಂದಾಗ ಒಂದು ಹಾಡು ಹೇಳಿಸಿ ಮುಂದೆ ಹೋಗುವ ರೂಢಿ ಬಿತ್ತು. ಅದು ನನಗೆ ಇಂದಿಗೂ ಬೇಸರದ ಸಂಗತಿ. ಆದರೂ ಆ ಕೋಣೆ ಮಕ್ಕಳದ್ದು ಅಂತ ನೋಡಿದ ತಕ್ಷಣ ಗೊತ್ತಾಗುತ್ತಿತ್ತು.

ಇನ್ನು ಮಕ್ಕಳ ಸಂತೆ. ನಮ್ಮ ಹಳ್ಳಿ ಶಾಲೆಗಳ ಅಂಗಳದಲ್ಲಿ ಮಕ್ಕಳು ಮನೆಯಿಂದ ಮೆಂತ್ಯೆ ಸೊಪ್ಪು, ನಿಂಬೆಹಣ್ಣು, ಹುಣಸೆಹಣ್ಣು ತಂದು ಗೋಣಿಚೀಲದ ಮೇಲೆ ಹರಡಿ ಕೂರುತ್ತಾರೆ. ಊರವರು ನಿಜವಾದ ದುಡ್ಡು ಕೊಟ್ಟು ಕೊಳ್ಳುತ್ತಾರೆ. ಚೌಕಾಸಿ ನಡೆಯುತ್ತದೆ, ಚಿಲ್ಲರೆ ತಪ್ಪುತ್ತದೆ, ಮತ್ತೆ ಎಣಿಸುತ್ತಾರೆ. ವರ್ಷಕ್ಕೊಮ್ಮೆ ನಡೆಸಿ ಸುಮ್ಮನಾಗುವ ಬದಲು ತಿಂಗಳಿಗೊಮ್ಮೆ ನಡೆಸಿದರೆ ಕೂಡುವ-ಕಳೆಯುವ ಲೆಕ್ಕವನ್ನು ಬೇರೆಯಾಗಿ ಕಲಿಸುವ ಕೆಲಸ ಅರ್ಧ ಕಡಿಮೆಯಾದೀತು.

ಮಹಾರಾಷ್ಟ್ರದಲ್ಲಿ ನಾನು ಕಂಡ ದೊಡ್ಡ ಗುಣ, ಹಬ್ಬದ ಆಟ ಶಾಲೆಯ ಒಳಗೂ ನಡೆಯುತ್ತದೆ. ಇದಕ್ಕೆ ಇಲ್ಲಿ ಹಳೆಯ ಬೇರಿದೆ. ತಾರಾಬಾಯಿ ಮೋಡಕ್ 1945ರಲ್ಲಿ ಬೋರ್ಡಿ ಅನ್ನುವ ಹಳ್ಳಿಯಲ್ಲಿ ಬಾಲವಾಡಿಯ ಕೆಲಸ ಶುರು ಮಾಡಿದರು, ಅನುತಾಯಿ ವಾಘ್ ಜೊತೆಯಾದರು. ಮುಂದೆ ಕೋಸಬಾಡಕ್ಕೆ ಹೋಗಿ ಆದಿವಾಸಿ ಮಕ್ಕಳ ನಡುವೆ ನೆಲೆಸಿದರು. ಮಕ್ಕಳು ಶಾಲೆಗೆ ಬರದಿದ್ದರೆ ಮಕ್ಕಳಿದ್ದಲ್ಲಿಗೇ ಶಾಲೆ ಹೋಯಿತು. ಪಾಡಾದ, ಅಂದರೆ ಆದಿವಾಸಿ ಹಾಡಿಯ ಅಂಗಳಕ್ಕೆ ಹೋಯಿತು, ದನ ಮೇಯುವ ಹುಲ್ಲುಗಾವಲಿಗೂ ಹೋಯಿತು. ದುಬಾರಿ ಮಾಂಟೆಸೊರಿ ಸಾಮಾನಿನ ಜಾಗದಲ್ಲಿ ಎಲೆ, ಕಾಯಿ, ಬೀಜ, ಕಲ್ಲು ಬಂದವು. ಮಗುವಿನ ಸುತ್ತ ಏನಿದೆಯೋ ಅದರಲ್ಲೇ ಕಲಿಸು ಅನ್ನುವ ಆ ಹಟ ಇಲ್ಲಿನ ಒಳ್ಳೆಯ ಬಾಲವಾಡಿಗಳಲ್ಲಿ ಈಗಲೂ ಕಾಣುತ್ತದೆ.

ಆಷಾಢ ಏಕಾದಶಿಯ ಹೊತ್ತಿಗೆ ಪುಣೆಯ ಬಾಲವಾಡಿ ಮಕ್ಕಳು ತಾಳ ಹಿಡಿದು, ತಲೆ ಮೇಲೆ ತುಳಸಿ ಹೊತ್ತು, ಪಂಢರಪುರಕ್ಕೆ ನಡೆಯುವ ವಾರಕರಿಗಳ ಹಾಗೆ ದಿಂಡಿ ಮೆರವಣಿಗೆ ಹೊರಡುತ್ತಾರೆ. ಅಲ್ಲಿಯೂ ವೇಷವಿದೆ, ಆದರೆ ಎಲ್ಲರೂ ಒಟ್ಟಿಗೆ ನಡೆಯುವ ವೇಷ, ಒಬ್ಬೊಬ್ಬರನ್ನೇ ನಿಲ್ಲಿಸಿ ಅಂಕ ಹಾಕುವುದಿಲ್ಲ. ನವರಾತ್ರಿಗೆ ಭೋಂಡ್ಲಾ ಅನ್ನುವ ಹಾಡಿನ ಆಟ. ನಡುವೆ ಆನೆಯ ಚಿತ್ರ ಇಟ್ಟು ಹುಡುಗಿಯರು ಕೈ ಹಿಡಿದು ಸುತ್ತ ಹಾಡುತ್ತಾರೆ. ಹಾಡು ಮುಗಿದ ಮೇಲೆ ಮುಚ್ಚಿಟ್ಟ ಡಬ್ಬಿಯಲ್ಲಿ ಯಾವ ತಿಂಡಿ ಇದೆ ಅಂತ ಗುರುತಿಸಬೇಕು. ಆ ತಿಂಡಿಗೆ ಖಿರಾಪತ್ ಅನ್ನುತ್ತಾರೆ. ಸಿಹಿಯೋ ಖಾರವೋ, ಕರಿದದ್ದೋ ಬೇಯಿಸಿದ್ದೋ ಅಂತ ಕೇಳಿ ಕೇಳಿ ಕೊನೆಗೆ ಉತ್ತರಕ್ಕೆ ಬರುತ್ತಾರೆ. ಪ್ರಶ್ನೆ ಕೇಳುವುದನ್ನು ಕಲಿಸಲು ಇದಕ್ಕಿಂತ ಸಲೀಸಾದ ಆಟ ನನಗೆ ಗೊತ್ತಿಲ್ಲ. ನಮ್ಮ ಭಾನುವಾರದ ಗುಂಪಿನಲ್ಲಿ ಚಕ್ಕಲಿ, ಶೇಂಗಾ ಹೋಳಿಗೆ, ಮಂಡಕ್ಕಿ ಉಂಡೆ ಮುಚ್ಚಿಟ್ಟು ಕನ್ನಡದಲ್ಲೇ ಕೇಳಿಸುತ್ತೇನೆ. ಗಂಡುಮಕ್ಕಳನ್ನೂ ಸೇರಿಸಿಕೊಂಡೇ ಆಡಿಸುತ್ತೇನೆ.

ದೀಪಾವಳಿಯ ಕಿಲ್ಲಾ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಪರೀಕ್ಷೆ ಮುಗಿದ ಕೂಡಲೇ ಪುಣೆಯ ಓಣಿ ಓಣಿಯಲ್ಲಿ, ಬಿಲ್ಡಿಂಗಿನ ಮೂಲೆ ಮೂಲೆಯಲ್ಲಿ ಮಕ್ಕಳು ಮಣ್ಣಿನ ಕೋಟೆ ಕಟ್ಟುತ್ತಾರೆ. ಕಲ್ಲು-ಇಟ್ಟಿಗೆ ಪೇರಿಸಿ, ಹಳೆಯ ಗೋಣಿ ಹೊದಿಸಿ, ಮೇಲೆ ಕೆಸರು ಬಳಿಯುತ್ತಾರೆ. ಅಳವಿ ಬೀಜವೋ ಸಾಸಿವೆಯೋ ಎರಚಿ ನೀರು ಚಿಮುಕಿಸಿದರೆ ಕೆಲವೇ ದಿನದಲ್ಲಿ ಕೋಟೆಯ ಇಳಿಜಾರು ಹಸಿರಾಗುತ್ತದೆ. ತುದಿಯಲ್ಲಿ ಶಿವಾಜಿ ಮಹಾರಾಜರು, ಕೆಳಗೆ ಮಾವಳೆ ಸೈನಿಕರು. ನಮ್ಮ ಬಿಲ್ಡಿಂಗಿನ ಮಕ್ಕಳ ಜಗಳ ಒಮ್ಮೆ ಪೂರ್ತಿ ಕೂತು ಕೇಳಿದೆ. ಬಾಗಿಲು ಎಲ್ಲಿರಬೇಕು? ಎದುರಿಗೇ ಇದ್ದರೆ ಶತ್ರುವಿಗೆ ಕಾಣುತ್ತದೆ, ತಿರುವಿನಲ್ಲಿ ಅಡಗಿಸಬೇಕು ಅಂತ ಒಬ್ಬ. ಹಾಗಾದರೆ ನೀರು ಹೊರುವವರು ಹೇಗೆ ಬರುತ್ತಾರೆ ಅಂತ ಇನ್ನೊಬ್ಬಳು. ಅಷ್ಟರಲ್ಲಿ ಆಕೆ ಸೈನಿಕಳೂ ಆಗಿದ್ದಳು, ನೀರು ಹೊರುವವಳೂ ಆಗಿದ್ದಳು. ಮೈಮೇಲಿದ್ದದ್ದು ಮಾತ್ರ ಕೆಸರು ಮೆತ್ತಿದ ಫ್ರಾಕು. ಈಚೆಗೆ ಅಂಗಡಿಯಲ್ಲಿ ಸಿದ್ಧ ಕೋಟೆ ಸಿಗುತ್ತಿದೆ. ದಯವಿಟ್ಟು ಅದನ್ನು ತಂದುಕೊಡಬೇಡಿ.

ನಮ್ಮಲ್ಲಿ ಇಂಥದ್ದು ಇಲ್ಲವಾ? ಬೆಳಗಾವಿಯಲ್ಲಿ ಕಿಲ್ಲಾ ಕಟ್ಟುವ ರೂಢಿಯೇ ಇದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಉತ್ತರ ಕರ್ನಾಟಕದ ಮನೆ ಮನೆಯಲ್ಲಿ ಮಕ್ಕಳು ಎರೆಮಣ್ಣು ಕಲಸಿ ಜೋಡೆತ್ತು, ಅವುಗಳ ಮೇವಿಗೆ ಗ್ವಾದಲಿ ಮಾಡುತ್ತಾರೆ. ಆಷಾಢದ ಮಂಗಳವಾರಗಳಲ್ಲಿ ಮಣ್ಣಿನ ಗುಳ್ಳವ್ವ ಬರುತ್ತಾಳೆ. ಗೊಂಬೆ ಮದುವೆ ಇದೆ. ಆದರೆ ನಾನು ಕಂಡ ಶಾಲೆಗಳಲ್ಲಿ ಇವೆಲ್ಲ ಗೇಟಿನ ಹೊರಗೇ ಉಳಿದವು. ಎತ್ತು ಮಾಡಿದ ಮಕ್ಕಳನ್ನು ಮರುದಿನ ಕೂರಿಸಿ, ನಿನ್ನ ಎತ್ತಿಗೆ ಹುಷಾರಿಲ್ಲ, ಡಾಕ್ಟರ್ ಯಾರು, ಸಂತೆಗೆ ಯಾರು ಒಯ್ಯುತ್ತೀರಿ ಅಂತ ಕೇಳಿದ್ದರೆ ಒಂದು ವಾರದ ಪಾಠ ಅಲ್ಲೇ ಸಿಗುತ್ತಿತ್ತು.

ಸಾಮಾನು ಜಾಸ್ತಿ ಬೇಕಿಲ್ಲ. ಪುಣೆಯ ತುಳಶೀಬಾಗ್ ಪೇಟೆಯಲ್ಲಿ ಸಿಗುವ ಭಾತುಕಲಿ, ಅಂದರೆ ಪುಟ್ಟ ಪುಟ್ಟ ಅಡುಗೆ ಪಾತ್ರೆಗಳ ಸೆಟ್ಟು, ಚೆನ್ನಾಗಿಯೇ ಇದೆ. ಸಾವಂತವಾಡಿಯ ಮರದ ಹಣ್ಣು-ತರಕಾರಿ, ನಮ್ಮ ಚನ್ನಪಟ್ಟಣದ ಆಟಿಕೆ, ಇವೂ ಇರಲಿ. ನನ್ನ ಪೆಟ್ಟಿಗೆಯಲ್ಲಿ ಹೆಚ್ಚಾಗಿ ಇರುವುದು ಹಳೆಯ ಓಢಣಿ, ಖಾಲಿ ಡಬ್ಬಿ, ಕೆಟ್ಟ ಫೋನು, ಕ್ಯಾಲೆಂಡರ್ ಹಾಳೆ, ತೆಂಗಿನ ಚಿಪ್ಪಿನ ತಕ್ಕಡಿ. ದುಡ್ಡಿಗೆ ಹುಣಸೆ ಬೀಜ. ಮೂರು ವರ್ಷದೊಳಗಿನವರಿದ್ದರೆ ಬೀಜ ಬೇಡವೇ ಬೇಡ, ಮೂಗಿಗೆ ಹಾಕಿಕೊಳ್ಳುತ್ತವೆ. ಅವರಿಗೆ ಬಾಯೊಳಗೆ ಹೋಗದಷ್ಟು ದೊಡ್ಡ ಮುಚ್ಚಳ ಕೊಡಿ, ಕಣ್ಣೂ ಇಡಿ.

ಉಡುಪಿ ಹೋಟೆಲ್ ಆಟ ನಮ್ಮ ಮಕ್ಕಳಿಗೆ ಬಲು ಇಷ್ಟ. ಪುಣೆ-ಮುಂಬೈಯ ಕನ್ನಡದ ಮಕ್ಕಳಿಗೆ ಅದು ಚೆನ್ನಾಗಿ ಗೊತ್ತಿರುವ ಜಾಗ ತಾನೇ! ಆರ್ಡರ್ ಬರೆದುಕೊಳ್ಳುವ ಹುಡುಗನಿಗೆ ಅಕ್ಷರ ಇನ್ನೂ ಬರುವುದಿಲ್ಲ. ಅವನೇ ಉಪಾಯ ಕಂಡುಕೊಂಡ. ದುಂಡಗೆ ಬರೆದರೆ ಇಡ್ಲಿ, ನಡುವೆ ತೂತು ಬಿಟ್ಟರೆ ವಡೆ, ಉದ್ದಕ್ಕೆ ಎಳೆದರೆ ದೋಸೆ. ಅಡುಗೆಮನೆಯಲ್ಲಿದ್ದ ಹುಡುಗಿ ಆ ಚೀಟಿ ಓದಿ ಸರಿಯಾಗಿ ತಟ್ಟೆ ಕಳಿಸಿದಳು. ಬರೆಯುವುದು ಯಾಕೆ, ಓದುವುದು ಯಾಕೆ ಅನ್ನುವುದು ಇಬ್ಬರಿಗೂ ಆ ಹೊತ್ತಿಗೆ ಗೊತ್ತಾಯಿತು. ಅಕ್ಷರ ಬರೆಸಲು ಅವಸರ ಮಾಡುವ ತಾಯಂದಿರಿಗೆ ನಾನು ಆ ಚೀಟಿ ತೋರಿಸುತ್ತೇನೆ.

ಇನ್ನೊಂದು ಬಸ್ಸಿನ ಆಟ. ಕುರ್ಚಿ ಎರಡು ಸಾಲು ಹಾಕಿದರೆ ಸ್ವಾರಗೇಟಿನಿಂದ ವಿಜಯಪುರಕ್ಕೆ ಹೊರಟ ಬಸ್ಸು. ವಾರಗಟ್ಟಲೆ ಬಾಯಿ ಬಿಡದೆ ಗೋಡೆಗೆ ಒರಗಿ ಕೂತಿರುತ್ತಿದ್ದ ಹುಡುಗಿಯೊಬ್ಬಳು ಅವತ್ತು ಎದ್ದು ನಿಂತು ಡ್ರೈವರ್‌ಗೆ ಕೂಗಿದಳು: "ಗಾಡಿ ಬಿಡಬ್ಯಾಡ್ರೀ, ನಮ್ಮಜ್ಜಿ ಇನ್ನಾ ಹತ್ತಿಲ್ಲ!" ಅಜ್ಜಿಯ ಮಾತು ಅವಳ ಕಿವಿಯಲ್ಲಿ ಪೂರ್ತಿ ಇತ್ತು, ಆಡಲು ಒಂದು ಕಾರಣ ಬೇಕಿತ್ತು. ಮನೆಯಲ್ಲಿ ಕನ್ನಡ, ಕೆಳಗೆ ಆಟಕ್ಕೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಅಂತ ಬೆಳೆಯುವ ಹೊರನಾಡಿನ ಮಕ್ಕಳಿಗೆ ಕನ್ನಡದಲ್ಲಿ ಮಾತಾಡು ಅಂತ ಹೇಳಿದರೆ ಸಾಲದು. ಕನ್ನಡವಿಲ್ಲದೆ ಮುಂದೆ ಸಾಗದ ಆಟ ಕೊಡಬೇಕು. ಇತ್ತ ಕಂಡಕ್ಟರ್ ಹುಡುಗ ಸೋಲಾಪುರದ ತನಕ ಮರಾಠಿಯಲ್ಲಿ ಟಿಕೆಟ್ ಕೊಟ್ಟು, ಆಮೇಲೆ ಕನ್ನಡಕ್ಕೆ ತಿರುಗಿದ. ಯಾರೂ ಹೇಳಿಕೊಟ್ಟಿದ್ದಲ್ಲ.

ಆಟದಲ್ಲಿ ಚಂದದ ಸಂಗತಿಗಳಷ್ಟೇ ಬರುವುದಿಲ್ಲ. ಮನೆ ಆಟದಲ್ಲಿ ಒಬ್ಬಳು ಸೊಂಟಕ್ಕೆ ಕೈಯಿಟ್ಟು, ತಡವಾಗಿ ಬಂದ ಕೆಲಸದ ಮಾವಶಿಗೆ ಬೈಯುತ್ತಿದ್ದಳು. ಧ್ವನಿ, ಬೆರಳು ತೋರಿಸುವ ರೀತಿ ಎಲ್ಲ ದೊಡ್ಡವರದ್ದೇ. ಅಲ್ಲಿ ಹಾಗೆಲ್ಲ ಅನ್ನಬಾರದು ಅಂತ ಪಾಠ ಹೇಳಿದರೆ ಆಟ ನಿಂತುಹೋಗುತ್ತದೆ. ನಾನು ಇನ್ನೊಬ್ಬ ಮಾವಶಿಯಾಗಿ ಒಳಗೆ ಹೋದೆ. ಮಗಳಿಗೆ ಜ್ವರ, ಆಸ್ಪತ್ರೆಯಲ್ಲಿ ಸಾಲು ದೊಡ್ಡದಿತ್ತು ತಾಯಿ, ಅದಕ್ಕೇ ತಡ ಅಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಚಹಾ ಮಾಡಿಕೊಟ್ಟಳು.

ಶಿಕ್ಷಕಿಯ ಕೆಲಸ ಇಷ್ಟೇ. ಒಳಗೆ ಹೋಗು, ಒಂದು ತೊಡಕು ಇಡು, ಹೊರಗೆ ಬಾ. ದೊಡ್ಡವರು ಹೀಗೆ ಜೊತೆಯಾದರೆ ಮಕ್ಕಳ ಆಟ ಬೆಳೆಯುತ್ತದೆ ಅನ್ನುವುದನ್ನು ಸ್ಮಿಲಾನ್‌ಸ್ಕಿ ಅವರ ಕೆಲಸವೂ ತೋರಿಸಿತ್ತು. ತರಕಾರಿ ಅಂಗಡಿ ಮುಂದೆ ನಿಂತು ಇದು ಯಾವ ಬಣ್ಣ ಅಂತ ಕೇಳಿದರೆ ಅದು ಪರೀಕ್ಷೆ. ಬೆಂಡೆಕಾಯಿ ಬಲಿತು ಹೋಗಿದೆಯಲ್ಲಮ್ಮ, ಇದಕ್ಕೆ ಇಷ್ಟು ರೇಟಾ ಅಂತ ಕೇಳಿದರೆ ಅದು ಆಟ. ಸಮಯವೂ ಬೇಕು. ನಾನು ಯಾರು, ನೀನು ಯಾರು ಅಂತ ತೀರ್ಮಾನಿಸಲೇ ಮಕ್ಕಳಿಗೆ ಹತ್ತು-ಹದಿನೈದು ನಿಮಿಷ ಹಿಡಿಯುತ್ತದೆ. ಮೂವತ್ತು ನಿಮಿಷದ ಪೀರಿಯಡ್ಡಿನಲ್ಲಿ ಗಂಟೆ ಹೊಡೆಯುವುದು ಸರಿಯಾಗಿ ಆಟ ಏರುವ ಹೊತ್ತಿಗೆ. ಎರಡು ಪೀರಿಯಡ್ಡು ಕೂಡಿಸಿ ಕೊಡಿ.

ಆಟ ಆಡಿಸಲು ಫೀ ಯಾಕೆ ಅನ್ನುವ ತಂದೆ-ತಾಯಿ ಎರಡೂ ರಾಜ್ಯದಲ್ಲಿದ್ದಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯನ್ನು ಒಂದೇ ಹಂತವೆಂದು ಕರೆದು, ಆಟವನ್ನೇ ಅದರ ದಾರಿ ಮಾಡಿದೆ. ಕಾಗದದ ಮೇಲೆ ಜಗಳ ಮುಗಿದಿದೆ. ಉಳಿದಿರುವುದು ನಮ್ಮ ನಮ್ಮ ಹಾಲ್‌ಗಳಲ್ಲಿ.

ಹಾಗಾಗಿ ಪುಣೆ, ಮುಂಬೈ, ಗೋವಾದ ಕನ್ನಡ ಸಂಘಗಳಿಗೆ ನನ್ನ ಕೇಳಿಕೆ ಇದು. ಈ ಸಲದ ರಾಜ್ಯೋತ್ಸವಕ್ಕೆ ಏಳು ವರ್ಷದೊಳಗಿನವರ ಛದ್ಮವೇಷ ಬಿಡಿ. ಪುಟ್ಟ ಚೆನ್ನಮ್ಮ, ಪುಟ್ಟ ಓಬವ್ವಂದಿರನ್ನು ವೇದಿಕೆ ಹಿಂದೆ ಸಾಲು ನಿಲ್ಲಿಸುವ ಬದಲು ಸಭಾಂಗಣದ ಒಂದು ಬದಿ ಮಕ್ಕಳಿಗೆ ಬಿಟ್ಟುಕೊಡಿ. ಅಲ್ಲಿ ಒಂದು ಸಂತೆ, ಒಂದು ಹೋಟೆಲ್, ಒಂದು ಬಸ್ ಸ್ಟ್ಯಾಂಡು. ದೊಡ್ಡವರೇ ಗಿರಾಕಿ, ದೊಡ್ಡವರೇ ಪ್ರಯಾಣಿಕರು, ವ್ಯವಹಾರವೆಲ್ಲ ಕನ್ನಡದಲ್ಲಿ. ತೀರ್ಪುಗಾರರು ಬೇಡ. ಟ್ರೋಫಿಗಳಿಗೆ ತೆಗೆದಿಟ್ಟ ಹಣದಲ್ಲಿ ನಾಲ್ಕು ತಕ್ಕಡಿ, ಒಂದು ರಾಶಿ ರಟ್ಟು, ಮಕ್ಕಳು ಹಿಡಿಯಬಹುದಾದ ಕತ್ತರಿಗಳು ಬರುತ್ತವೆ. ಕಾರ್ಯಕ್ರಮ ಮುಗಿದ ಮೇಲೂ ಅವು ಸಂಘದ ಕಪಾಟಿನಲ್ಲಿ ಇರುತ್ತವೆ, ಪ್ರತಿ ಭಾನುವಾರ ತೆಗೆದು ಆಡಿಸಬಹುದು.